ಪಿಸ್ತೂಲು ಮೇಷ್ಟ್ರು ವೆಂಡೆಲ್ ಹಪ್

ಶಾಂತಿಯ ಬಗ್ಗೆ ವೆಂಡೆಲ್ ಹಪ್ ಮಾತಾಡಿದಷ್ಟು ನಮ್ಮ ಊರಿನ ಪಾದ್ರಿಯೂ ಮಾತಾಡಿಲ್ಲ. ಅಮೆರಿಕದ ಒಹಾಯೊದ ದಕ್ಷಿಣದಂಚಿನ ಜೋಳದ ಹೊಲಗಳ ನಡುವಿನ ಊರು ನಮ್ಮದು. ದನದ ಮೇವಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಅವನ ತರಗತಿ. ಸೊಂಟದಲ್ಲಿ ಪಿಸ್ತೂಲಿಟ್ಟುಕೊಂಡು ಓಡಾಡುವ ಜನಕ್ಕೆ ಅವನು ಎರಡು ವಿದ್ಯೆ ಕಲಿಸುತ್ತಿದ್ದ. ಒಂದು, ಪಿಸ್ತೂಲನ್ನು ಸರಿಯಾಗಿ ಹಿಡಿಯುವುದು. ಇನ್ನೊಂದು, ಅದನ್ನು ಹೊರಗೆ ತೆಗೆಯದೆ ಮಾತಿನಲ್ಲೇ ಜಗಳ ಆರಿಸುವುದು.

ಮೊದಲನೆಯದು ಅವನಿಗೆ ನಿಜವಾಗಿಯೂ ಬರುತ್ತಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಗುಂಡಿಲ್ಲವೆಂದು ಕಣ್ಣಿಂದ ನೋಡಿ, ಬೆರಳಿಟ್ಟು ಮುಟ್ಟಿ ಖಾತ್ರಿಯಾಗುವವರೆಗೆ ಯಾರ ಕೈಗೂ ಕೊಡುತ್ತಿರಲಿಲ್ಲ. ಟ್ರಿಗರ್ ಮೇಲೆ ಸುಮ್ಮನೆ ಬೆರಳಿಟ್ಟವರನ್ನು ಅಲ್ಲೇ ಮನೆಗೆ ಕಳಿಸುತ್ತಿದ್ದ. ಎರಡನೆಯದನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದ. ಗುರಿ ಹೊಡೆಯುವ ಬಯಲಿನಲ್ಲಿ ಖಾಲಿ ತೋಟಾ ಗುಡಿಸುತ್ತಾ ಹನ್ನೊಂದು ವರ್ಷ ಅವನ ಜೊತೆಗಿದ್ದವನು ನಾನು. ಅವನನ್ನು ಹೀಗಳೆಯಲು ನನಗಿಂತ ಯೋಗ್ಯರು ಸಿಗಲಿಕ್ಕಿಲ್ಲ.

ಅದಕ್ಕೂ ಮುಂಚೆ ಅವನು ಟೈರ್ ಅಂಗಡಿಯಲ್ಲಿದ್ದ. ಗಿರಾಕಿಗಳ ಮೇಲೆ ಎಗರಾಡುತ್ತಾನೆಂದು ಮಾಲೀಕ ಅವನನ್ನು ಹಿತ್ತಲಿನಲ್ಲೇ ಇಟ್ಟಿದ್ದ. ಇಬ್ಬರು ಹೆಂಡಿರು ಬಿಟ್ಟುಹೋದರು. ಇಬ್ಬರಿಗೂ ಒಳ್ಳೆಯದೇ ಆಯಿತು. ಐವತ್ತು ದಾಟಿದ ಮೇಲೆ ಅವನಿಗೆ ಬೋಧಕನೆಂಬ ಕಾರ್ಡು ಸಿಕ್ಕಿತು. ಆಮೇಲೆ ಜನ 'ಸರ್' ಎಂದರು. ಆ ಕಾರ್ಡು ಕಿತ್ತುಕೊಂಡರೆ ವೆಂಡೆಲ್ ಎಂಬವನೇ ಇಲ್ಲ, ಇದು ಅವನಿಗೂ ಗೊತ್ತಿತ್ತು.

ಅಕ್ಟೋಬರಿನ ಒಂದು ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹೆಂಗಸು ತನ್ನ ಕಾರನ್ನು ಅವನ ಟ್ರಕ್ಕಿಗೆ ಅಡ್ಡ ನಿಲ್ಲಿಸಿ ಕಾಫಿ ತರಲು ಹೋದಳು. ನಾನು ಅವನ ಪಕ್ಕದ ಸೀಟಿನಲ್ಲಿದ್ದೆ. ಅವಳು ನೊರೀನ್ ಬಾಯರ್, ಶಾಲೆಯ ಬಸ್ಸು ಓಡಿಸುವವಳು; ಹಿಂದಿನ ವರ್ಷ ಅವನ ತರಗತಿಗೇ ಬಂದಿದ್ದಳು. ಅವನಿಗೆ ಗುರುತು ಹತ್ತಲಿಲ್ಲ. ಹೆಂಗಸರ ಮುಖ ನೋಡಿ ಪಾಠ ಮಾಡುವವನಲ್ಲ ಅವನು.

"ನೋಡಿ ಮೇಡಮ್, ನಾನು ಶಾಂತವಾಗಿದ್ದೀನಿ" ಎಂದು, ಅವಳು ಕಾಫಿ ಹಿಡಿದು ಬರುತ್ತಲೇ ಟ್ರಕ್ಕಿನಿಂದಿಳಿದು ಶುರು ಮಾಡಿದ.

"ತಪ್ಪಾಯ್ತು, ಈಗಲೇ ತೆಗೀತೀನಿ" ಎಂದಳು ಅವಳು.

"ನನಗೆ ಜಗಳ ಬೇಡ ಅಂತಿದೀನಿ!"

"ನನಗೂ ಬೇಡಪ್ಪ."

"ಬೇಡ ಅಂದ್ರೆ ಬೇಡ, ಕೇಳಿಸ್ತಾ? ಕಿವಿ ಇದೆಯೋ ಇಲ್ವೋ ನಿಂಗೆ? ಎಷ್ಟು ಶಾಂತವಾಗಿದೀನಿ ನೋಡು!"

ಇಷ್ಟು ಹೇಳುವಾಗ ಅವನ ಎಡಗೈ ಅಂಗಿಯ ಅಂಚನ್ನು ಮೇಲಕ್ಕೆತ್ತಿ ಪಿಸ್ತೂಲಿನ ಹಿಡಿ ತೋರಿಸಿತು. ನಮ್ಮ ಜನರಲ್ಲಿ ಇದಕ್ಕೆ ಒಂದೇ ಅರ್ಥ, ಮುಂದಿನದು ಗುಂಡು. ನೊರೀನ್ ಕಾಫಿಯನ್ನು ಟ್ರಕ್ಕಿನ ಬಾನೆಟ್ ಮೇಲಿಟ್ಟು, ಎರಡೂ ಅಂಗೈ ತೋರಿಸಿ, ಹಿಂದೆ ಹಿಂದೆ ಸರಿದು ಕಾರು ಹತ್ತಿ ಹೋದಳು.

"ನೋಡಿದ್ಯಾ ಗ್ಲೆನ್? ಗುಂಡು ಹಾರಲಿಲ್ಲ, ರಕ್ತ ಹರೀಲಿಲ್ಲ. ಬರೀ ಮಾತು!" ಎಂದು ಮೀಸೆ ತಿರುವಿದ. ನನಗೆ ಹೇಸಿಗೆಯಾಯಿತು.

ಅವಳು ಶೆರಿಫ್ ಕಚೇರಿಗೆ ಫೋನ್ ಮಾಡಿದಳು. ಬೆದರಿಕೆಯ ಮೊಕದ್ದಮೆ ಬಿತ್ತು. ಅಪರಾಧ ರುಜುವಾದರೆ ಕಾರ್ಡು ಹೋಗುತ್ತದೆ ಎಂದು ಅವನ ವಕೀಲೆ ಪ್ರೂಯಿಟ್ ಹೇಳಿದಾಗ ಅವನ ಮುಖ ಸುಣ್ಣವಾಯಿತು. ಅಂಗಿ ಎತ್ತಿದ್ದು ಹೊಟ್ಟೆ ಕೆರೆಯೋಕೆ ಅಂತ ಹೇಳೋ ಎಂದು ನನ್ನ ಬೆನ್ನು ಹತ್ತಿದ. ಕಂಡದ್ದನ್ನು ಹೇಳುತ್ತೇನೆ ಎಂದೆ. ಆದರೆ ವಕೀಲೆಗೆ ಬೇರೆ ದಾರಿ ಕಂಡಿತ್ತು. "ಆ ಹೆಂಗಸು ನಿಜವಾಗ್ಲೂ ಹೆದರಿರಬೇಕು, ಇಲ್ಲಾಂದ್ರೆ ಈ ಕೇಸು ನಿಲ್ಲಲ್ಲ. ನಾನು ಅವಳ ಹತ್ರ ಮಾತಾಡ್ತೀನಿ. ನೀವು ಗಪ್‌ಚಿಪ್ ಕೂತಿದ್ರೆ ಸಾಕು."

ನ್ಯಾಯಾಲಯದಲ್ಲಿ ಎಲ್ಲ ವಕೀಲೆ ಹೇಳಿದಂತೆಯೇ ನಡೆಯಿತು. ಸಾಕ್ಷಿಯ ಕುರ್ಚಿಯಲ್ಲಿ ಕೂತ ನೊರೀನ್‌ಗೆ ಅವಳೇ ಪ್ರಶ್ನೆ ಹಾಕಿದಳು.

"ಅಂಗಿ ಎತ್ತಿದಾಗ ನಿಮಗೆ ಭಯ ಆಯ್ತಾ?"

"ಇಲ್ಲ" ಎಂದಳು ನೊರೀನ್.

"ನಿಮ್ಮ ಹತ್ತಿರ ಪಿಸ್ತೂಲಿತ್ತಾ?"

"ಚೀಲದಲ್ಲಿತ್ತು. ತೆಗೆಯೋ ಅಗತ್ಯ ಬೀಳಲಿಲ್ಲ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದೀನಿ, ಯಾವ ಅಳು ನಿಜ ಯಾವುದು ಹಠ ಅಂತ ಗೊತ್ತಾಗುತ್ತೆ. ಈ ಮನುಷ್ಯ ಯಾರಾದ್ರೂ ತನ್ನ ಕಡೆ ನೋಡ್ಲಿ ಅಂತ ಕಿರುಚ್ತಿದ್ದ. ನಾಳೆ ಬೇರೆ ಯಾರಾದ್ರೂ ಹೆದರಿ ಇವನಿಗೇ ಹೊಡೆದುಬಿಟ್ರೆ ಅಂತ ಫೋನ್ ಮಾಡಿದೆ. ನನಗೇನು ಭಯ ಆಗಲಿಲ್ಲ, ಸ್ವಲ್ಪ ಪಾಪ ಅನ್ನಿಸ್ತು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಕೀಲೆ ಖುಷಿಯಿಂದ ಕಾಗದ ಜೋಡಿಸಿಕೊಂಡಳು. ನ್ಯಾಯಾಧೀಶರು ಕನ್ನಡಕ ತೆಗೆದು, ಹಾಗಾದರೆ ಮುಗಿಯಿತು ಎನ್ನುವಂತೆ ಕಡತ ಮುಚ್ಚತೊಡಗಿದರು. ಇನ್ನರ್ಧ ನಿಮಿಷ ತಡೆದಿದ್ದರೆ ಕಾರ್ಡು ಉಳಿಯುತ್ತಿತ್ತು. ವೆಂಡೆಲ್ ಎದ್ದು ನಿಂತ. ಕತ್ತಿನವರೆಗೂ ಕೆಂಪಾಗಿದ್ದ.

"ಸುಳ್ಳು! ಹೆದರಿದ್ಲು! ಗಡಗಡ ನಡುಗ್ತಿದ್ಲು!"

"ಮಿಸ್ಟರ್ ಹಪ್..." ವಕೀಲೆ ಅವನ ತೋಳು ಹಿಡಿದು ಜಗ್ಗಿದಳು.

"ಬಿಡ್ರೀ! ಹೆದರಲಿ ಅಂತಲೇ ಎತ್ತಿದ್ದು ನಾನು! ಸುಮ್ಮನೆ ಎತ್ತಿದ್ನಾ? ಇನ್ನೊಂದು ಮಾತಾಡಿದ್ರೆ ತೆಗೀತಿದ್ದೆ! ಪಾಪ ಅಂತೆ, ಪಾಪ! ನನ್ನ ನೋಡಿ!"

ವಕೀಲೆ ಪೆನ್ನಿನ ಮುಚ್ಚಳ ಹಾಕಿದಳು. ಆಗ ನೊರೀನ್ ಸಾಕ್ಷಿಯ ಕುರ್ಚಿಯಿಂದಲೇ, ದನಿ ಏರಿಸದೆ, "ಕೂತ್ಕೊಳಪ್ಪ ವೆಂಡೆಲ್" ಎಂದಳು.

ಅವನು ಕೂತ. ನ್ಯಾಯಾಲಯದ ಗುಮಾಸ್ತೆ ಅವನ ಮಾತನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಂಡಿದ್ದಳು.