ಮೇಜಿನ ಅಡಿಯಲ್ಲಿ ಒಂದು ಗೀಟು

ಚಿಕ್ಕಂದಿನಲ್ಲಿ ನಮ್ಮ ಅಜ್ಜಿಯ ಜಾಲರಿ ಕಪಾಟಿನ ಕದ ತೆರೆದರೆ ಒಂದು ವಾಸನೆ ಬರುತ್ತಿತ್ತು. ಬೆಣ್ಣೆಯದು, ಬೆಳ್ಳುಳ್ಳಿ ಚಟ್ನಿಪುಡಿಯದು, ಅವೆರಡರ ಹಿಂದೆ ಹಳೆಯ ಸಾಗವಾನಿ ಮರದ್ದು. ಕಪಾಟು ಯಾವಾಗಲೋ ಯಾರ ಪಾಲಿಗೋ ಹೋಯಿತು. ಆ ಮರದ ವಾಸನೆ ಮತ್ತೆ ಸಿಕ್ಕಿದ್ದು ಕಳೆದ ತಿಂಗಳು, ಧಾರವಾಡದ ಲಕಮನಹಳ್ಳಿಯ ಒಂದು ಗೋದಾಮಿನಲ್ಲಿ, ಬೆಳಗಿನ ಆರೂವರೆಗೆ.

ತೆಳ್ಳಗಿನ ಒಬ್ಬ ವೃದ್ಧರು ಹಳೆಯ ಕಪಾಟೊಂದರ ಡ್ರಾವರ್ ಹೊರಗೆಳೆದು ಅದರೊಳಗೆ ಮುಖವಿಟ್ಟು ಮೂಸುತ್ತಿದ್ದಾರೆ. ಆಮೇಲೆ ಅದನ್ನು ನನ್ನ ಕಡೆ ಚಾಚುತ್ತಾರೆ. "ನೋಡ್ರಿ ಬಾಯಾರ, ಒಣಾ ವಾಸನಿ. ಕಟಗಿ ನೀರು ಕುಡದಿತ್ತಂದ್ರ ಹಿಂಗ ಬರೂದಿಲ್ಲ, ಹುಳಿ ಮಜ್ಜಿಗಿ ವಾಸನಿ ಬರ್ತೈತಿ." ಇವರು ಇಸ್ತಿಯಾಕ, ವಯಸ್ಸು ಅರವತ್ತಾರು. ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಪೀಠೋಪಕರಣಗಳ ಹರಾಜು ಎಲ್ಲೇ ನಡೆಯಲಿ, ಹಿಂದಿನ ದಿನವೋ ಅದೇ ಬೆಳಿಗ್ಗೆಯೋ ಇವರಿಗೆ ಕರೆ ಬರುತ್ತದೆ. ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಹೇಳುವುದೇ ಇವರ ಕೆಲಸ. ಆ ಕೆಲಸದ ಬಗ್ಗೆ ಬರೆಯಲೆಂದೇ ನಾನು ಬಂದದ್ದು.

ಈ ಬೆಳಿಗ್ಗೆ ಗೋದಾಮಿನಲ್ಲಿರುವುದು ಎರಡು ವರ್ಷದ ಹಿಂದೆ ಬಾಗಿಲು ಮುಚ್ಚಿದ ಒಂದು ವಿದ್ಯಾರ್ಥಿನಿಲಯದ ಸಾಮಾನು. ಮಂಚ, ಬೆಂಚು, ಕಪಾಟು, ಒಂದು ಉದ್ದನೆಯ ಅಡುಗೆಮನೆ ಮೇಜು, ಎಲ್ಲ ಸೇರಿ ಎಪ್ಪತ್ತಮೂರು. ಹತ್ತು ಗಂಟೆಯೊಳಗೆ ಅಷ್ಟನ್ನೂ ನೋಡಿ ಮುಗಿಸಬೇಕು. ಸಲಕರಣೆ ಎಂದರೆ ಒಂದು ಬ್ಯಾಟರಿ, ಗೋಣಿ ಹೊಲಿಯುವ ದಬ್ಬಣ, ಒಂದು ಬಿಳಿ ಪಂಜೆ, ಸೀಮೆಸುಣ್ಣ. ಪಂಜೆಯನ್ನು ಕಪಾಟಿನ ಕೆಳಗೆ ಹಾಸಿ ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಾರೆ. ಪುಡಿ ಉದುರಿದರೆ ಹುಳ ಇದೆ ಎಂದು ಲೆಕ್ಕ. ದಬ್ಬಣ ಸುಲಭವಾಗಿ ಇಳಿದರೆ ಕಾಲು ಕೊಳೆತಿದೆ. ಹಳೆಯ ಕಾಲಿಗೆ ಹೊಸ ಹಲಗೆ ಕೂಡಿಸಿ ಬಣ್ಣ ಬಳಿದಿದ್ದರೆ ಅದು ಅಂಗೈಗೇ ತಿಳಿಯುತ್ತದಂತೆ. "ಹೊಸಾ ಕಟಗಿ ಬೆಳಗಿನ್ಯಾಗ ತಣ್ಣಗ ಇರ್ತೈತ್ರಿ. ಹಳೇದು ಮನಿ ಮಂದಿ ಕೈ ಇದ್ದಂಗ ಇರ್ತೈತಿ." ನೋಡಿ ಮುಗಿದ ಮೇಲೆ ಅಡಿಯಲ್ಲಿ ಗುರುತು ಹಾಕುತ್ತಾರೆ. ಗಟ್ಟಿಯಾದದ್ದಕ್ಕೆ ಒಂದು ನೇರ ಗೀಟು, ಕೆಟ್ಟದ್ದಕ್ಕೆ ಕತ್ತರಿಯಂತೆ ಎರಡು ಅಡ್ಡಗೀಟು. ಗೀಟು ಬಿದ್ದದ್ದನ್ನು ಹರಾಜಿನಲ್ಲಿ ಒಂದೊಂದಾಗಿ ಕೂಗುತ್ತಾರೆ. ಕತ್ತರಿ ಬಿದ್ದದ್ದು ಕಟ್ಟಿಗೆಯ ರಾಶಿಗೆ ಸೇರಿ, ತೂಕದ ಮೇಲೆ ಬೇಕರಿ ಒಲೆಗೆ ಹೋಗುತ್ತದೆ.

ಒಂದು ವಿಚಿತ್ರ ನನ್ನ ಗಮನಕ್ಕೆ ಬಂತು. ಪ್ರತಿ ಸಾಮಾನಿನ ಮುಂದೆ ನಿಂತಾಗಲೂ ಅವರು ಮೊದಲು ತಲೆ ಎತ್ತಿ ಗೋದಾಮಿನ ಮಾಡು ನೋಡುತ್ತಾರೆ. ಯಾಕೆಂದು ಕೇಳಿದೆ.

"ಹದಿನಾಕು ವರ್ಸ ಆತ್ರಿ. ಅಮರಗೋಳದಾಗ ಒಬ್ಬ ಕಾಳಿನ ವ್ಯಾಪಾರಿ ಮನಿ ಸಾಮಾನಿನ ಹರಾಜು. ಶೀಸಮ್ ಕಟಗೀದು ಒಂದು ಕಪಾಟ ಇತ್ತು. ಸುತ್ತಲೂ ಪುಡಿ ಬಿದ್ದಿತ್ತು. ಹುಳ ಹತ್ತೇತಿ ಅಂದೆ, ಕತ್ತರಿ ಹಾಕಿದೆ. ಮರದಿನ ಬೇಕರಿ ಮುಂದ ಹಾದು ಹೊಂಟಿದ್ದೆ, ಸೀಳಿ ಒಟ್ಟಿದ್ರು. ಒಳಗ ಹಸನಾಗಿತ್ತು. ಪುಡಿ ಬಿದ್ದದ್ದು ಮ್ಯಾಲಿನ ತೊಲಿಯಿಂದ. ನಾ ಮ್ಯಾಲೆ ನೋಡಿರಲೇ ಇಲ್ಲ." ಆ ದಿನ ಮನೆಗೆ ಹೋಗಿ ಊಟ ಮಾಡಲಿಲ್ಲವಂತೆ. ಹೆಂಡತಿ ಅಮೀನಾಬಿ, "ಕಪಾಟನ್ನ ಮಣ್ಣು ಮಾಡಿ ಬಂದವರ ಹಾಂಗ ಯಾಕ ಕುಂತೀರಿ" ಎಂದು ಬೈದರಂತೆ.

ಇಸ್ತಿಯಾಕರ ತಂದೆ ಹಳೇ ಹುಬ್ಬಳ್ಳಿಯಲ್ಲಿ ಪಾಲಿಶ್ ಕೆಲಸ ಮಾಡುತ್ತಿದ್ದರು. ಇವರು ಏಳನೇ ಇಯತ್ತೆಗೆ ಸಾಲೆ ಬಿಟ್ಟು ಅವರ ಜೊತೆ ಹೊರಟವರು. ಕಾಲು ಶತಮಾನ ಕಟ್ಟಿಗೆಯ ಧೂಳು ಕುಡಿದು ಕೆಮ್ಮು ಅಂಟಿಕೊಂಡ ಮೇಲೆ ಡಾಕ್ಟರು ಪಾಲಿಶ್ ಬಿಡಿಸಿದರು. ಕಟ್ಟಿಗೆಯನ್ನು ಬಿಡಲಾಗದೆ ನೋಡುವ ಕೆಲಸಕ್ಕೆ ಬಂದರು. ಈಗ ಹರಾಜುಗಳೂ ಕಡಿಮೆ, ತಿಂಗಳಿಗೆ ಮೂರೋ ನಾಲ್ಕೋ. ಉಳಿದ ದಿನ ಗೋಕುಲ ರಸ್ತೆಯ ಅಂಗಡಿಯೊಂದರಲ್ಲಿ ಕುರ್ಚಿಗೆ ಬೆತ್ತ ಹೆಣೆಯುತ್ತಾರೆ.

ಏಳೂವರೆಗೆ ಒಬ್ಬ ಹೆಂಗಸು ಒಳಗೆ ಬರುತ್ತಾರೆ, ಕೈಯಲ್ಲಿ ನಾಲ್ಕು ಅಂತಸ್ತಿನ ಊಟದ ಡಬ್ಬಿ. ಇವರು ಮಾರ್ಥಾ. ಮುಚ್ಚಿಹೋದ ಆ ವಿದ್ಯಾರ್ಥಿನಿಲಯದಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದವರು. ನೇರವಾಗಿ ಉದ್ದನೆಯ ಮೇಜಿನ ಹತ್ತಿರ ಹೋಗಿ ಅದರ ಮೇಲೆ ಅಂಗೈ ಊರಿ ನಿಲ್ಲುತ್ತಾರೆ.

"ಇದೊಂದು ನನಗ ಬೇಕ್ರಿ ಅಣ್ಣಾರ," ಎನ್ನುತ್ತಾರೆ ಮೆಲ್ಲಗೆ. "ನಾ ಚಪಾತಿ ಲಟ್ಟಸಾಕತ್ತಿದ್ರ ಸಣ್ಣ ಹುಡುಗೂರು ಕೆಳಗ ಮಲಕೊಂಡು ಅಭ್ಯಾಸ ಮಾಡ್ತಿದ್ವು. ಕೆಳಗ ಬಗ್ಗಿ ನೋಡ್ರಿ."

ಇಸ್ತಿಯಾಕರು ಪಂಜೆ ಹಾಸಿ ಮೇಜಿನಡಿ ಅಂಗಾತ ಮಲಗಿ ಬ್ಯಾಟರಿ ಬಿಡುತ್ತಾರೆ. ನಾನೂ ಬಗ್ಗಿ ನೋಡಿದೆ. ಹಲಗೆಯ ತುಂಬ ಪೆನ್ಸಿಲ್ ಬರಹ. ಹದಿನೇಳರ ಮಗ್ಗಿ, ಒಂದು ಎತ್ತಿನ ಚಿತ್ರ, ಸತ್ಯವಂತ, ದಾಕ್ಷಾಯಿಣಿ ಎಂಬ ಹೆಸರುಗಳು, "ಇವತ್ತು ಪಾಯಸ". ಮಾರ್ಥಾ ಮೇಲಿನಿಂದಲೇ ಹೇಳುತ್ತಾರೆ: "ಪಾಯಸ ಬರದಾಕಿ ಭಾಗ್ಯಶ್ರೀ. ಈಗ ನರ್ಸ್ ಆಗ್ಯಾಳ."

ಇಸ್ತಿಯಾಕರು ಎದ್ದು ಕೂತು ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸುತ್ತಾರೆ. "ಅಕ್ಕಾರ, ಮೇಜು ಕಲ್ಲಿನಂಗ ಐತಿ. ಗೀಟು ಎಳದ್ರ ವ್ಯಾಪಾರಸ್ಥರು ರೇಟು ಏರಸ್ತಾರ. ಕತ್ತರಿ ಹಾಕಿದ್ರ ನಿಮಗ ಕಟಗಿ ತೂಕದಾಗ ಸಿಗತೈತಿ ಖರೇ. ಆದ್ರ ಬೇಕರಿ ಮಂದಿ ಪೂರಾ ರಾಶಿ ಹಿಡದ್ರ ಕೊಡ್ಲಿ ಬೀಳತೈತಿ. ನನ್ನ ಕೈಲೆ ಒಂದು ಹೋಗೇತಿ, ಇನ್ನೊಂದು ಬ್ಯಾಡ."

"ಸುಳ್ಳ ಗುರುತು ಹಾಕ್ರಿ ಅಂತ ನಾ ಎಲ್ಲೆ ಅಂದೆ?" ಎಂದು ಮಾರ್ಥಾ ನಕ್ಕರು. "ಇದ್ದದ್ದ ಹಾಕ್ರಿ."

ಮಕ್ಕಳ ಬರಹಕ್ಕೆ ತಾಗದಂತೆ ಒಂದು ಮೂಲೆ ಹುಡುಕಿ ಇಸ್ತಿಯಾಕರು ಗೀಟು ಎಳೆದರು. ಯಾವತ್ತಿನದಕ್ಕಿಂತ ಗಿಡ್ಡ ಗೀಟು.

ಹತ್ತಕ್ಕೆ ಹರಾಜು. ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಗುರುತು ಹಾಕಿದವನು ಕೂಗುವ ಜಾಗದಲ್ಲಿ ನಿಲ್ಲುವಂತಿಲ್ಲ. ನಿಂತರೆ ಯಾರಿಗೋ ಕಣ್ಸನ್ನೆ ಮಾಡಿದ ಎಂಬ ಮಾತು ಬರುತ್ತದೆ. ಇಸ್ತಿಯಾಕರು ಹೊರಗೆ ಬೇವಿನ ಗಿಡದ ಕೆಳಗೆ, ಗೋದಾಮಿಗೆ ಬೆನ್ನು ಹಾಕಿ ಕೂತರು. ಒಳಗೆ ಗೋಕುಲ ರಸ್ತೆಯ ವ್ಯಾಪಾರಿ ಶಾಂತಯ್ಯನವರು ಮೇಜಿನಡಿ ಬಗ್ಗಿ ಗೀಟು ನೋಡಿದರು, ಫೋಟೊ ತೆಗೆದು ಯಾರಿಗೋ ಕಳಿಸಿದರು. ಮಾರ್ಥಾ ನಾಲ್ಕು ಸಲ ಕೈ ಎತ್ತಿದರು. ಐದನೆಯ ಸಲ ಎತ್ತಲಿಲ್ಲ. ಮೇಜು ಶಾಂತಯ್ಯನವರದಾಯಿತು.

ಹಣ ಕಟ್ಟಿ ಹೊರಬಂದ ಶಾಂತಯ್ಯನವರು ಮೂವತ್ತು ವರ್ಷದ ಸಲುಗೆಯಲ್ಲಿ ಛೇಡಿಸಿದರು. "ಏನೋ ಇಸ್ತಿಯಾಕ, ಗೀಟು ಎಳಿಯಾಕೂ ಸುಣ್ಣದ ಖಡು ಉಳಸಾಕತ್ತಿ?"

ಇಸ್ತಿಯಾಕರು ಆಗ ಮಾರ್ಥಾರ ಸುದ್ದಿ ಹೇಳಿದರು. ಶಾಂತಯ್ಯನವರ ನಗೆ ನಿಂತಿತು. "ಮದ್ಲ ಯಾಕ ಹೇಳಲಿಲ್ಲೋ ಮಾರಾಯಾ? ನಾ ಕೈ ಎತ್ತತಿದ್ದಿಲ್ಲ. ಈಗ ಹೋಟೆಲ್ಲಿನವರು ಫೋಟೊ ನೋಡಿ ಅಡ್ವಾನ್ಸ್ ಹಾಕ್ಯಾರ. ಮಾತು ಕೊಟ್ಟೇನಿ."

ಇಸ್ತಿಯಾಕರು ಹೇಳಲಿಲ್ಲ, ಏಕೆಂದರೆ ಮಾರ್ಥಾ ಹೇಳಿರುತ್ತಾರೆ ಎಂದುಕೊಂಡಿದ್ದರು. ಮಾರ್ಥಾ ಇವರು ಹೇಳಿರುತ್ತಾರೆ ಎಂದುಕೊಂಡಿದ್ದರು. ಹರಾಜಿಗೆ ಮುಂಚೆ ಕಾಲು ಗಂಟೆ ಶಾಂತಯ್ಯನವರ ಪಕ್ಕದಲ್ಲೇ ನಿಂತು ಅವರ ವ್ಯಾಪಾರದ ಬಗ್ಗೆ ಪ್ರಶ್ನೆ ಕೇಳುತ್ತಿದ್ದ ನಾನೂ ಹೇಳಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಶಾಂತಯ್ಯನವರು ಹೊರಟವರು ತಿರುಗಿ, "ಅಡಿ ಹಲಗಿಗೆ ರಂದಾ ಹೊಡಸಿ ಹೆರಸೂದಿಲ್ಲ ತಗೊ. ಬರದದ್ದು ಹಾಂಗ ಇರಲಿ," ಎಂದು ಹೋದರು. ಅದು ಅವರಿಂದಾದ ಉಪಕಾರ. ಮೇಜು ಟೆಂಪೋ ಏರಿತು.

"ಗೀಟು ಖರೇ ಇತ್ರಿ ಬಾಯಾರ," ಎಂದರು ಇಸ್ತಿಯಾಕರು ಅದು ತಿರುವು ದಾಟುವವರೆಗೂ ನೋಡುತ್ತ. "ಕಟಗಿ ಬಗ್ಗೆ ಏನು ಕೇಳಿದ್ರೂ ಹೇಳ್ತೇನಿ. ಮನಷ್ಯಾರ ಬಗ್ಗೆ ಒಂದು ಮಾತು ಹೇಳೂದಿತ್ತು, ಬೆನ್ನು ಹಾಕಿ ಕುಂತೆ." ಮುಂದಿನ ಸಲದಿಂದ ಗೀಟು ಎಳೆದ ಮೇಲೆ ಯಾರಿಗೆ ಏನು ಬೇಕಾಗಿತ್ತು ಎಂದು ಎಲ್ಲರೆದುರು ಹೇಳಿಯೇ ಹೊರಬರಬೇಕು, ಪದ್ಧತಿ ಮುರಿದರೂ ಚಿಂತೆಯಿಲ್ಲ ಎಂಬುದು ಅವರ ಆಸೆ.

ಮಾರ್ಥಾ ಬೇವಿನ ಗಿಡದ ಕಡೆ ಬಂದರು. ಡಬ್ಬಿಯಲ್ಲಿ ಜೋಳದ ರೊಟ್ಟಿ, ಎಣಗಾಯಿ, ಮೊಸರು, ಶೇಂಗಾ ಚಟ್ನಿ ಇತ್ತು. ಮೇಜನ್ನು ತಮ್ಮ ಮನೆಗೆ ಹೊತ್ತು ತರುವ ಹಮಾಲರಿಗೆಂದು ನಸುಕಿನಲ್ಲೇ ಎದ್ದು ಮಾಡಿದ್ದು. ಮಾರ್ಥಾ ಇಸ್ತಿಯಾಕರ ಕೈಯಿಂದ ಸೀಮೆಸುಣ್ಣ ತೆಗೆದು ಬದಿಗಿಟ್ಟು, ಆ ಕೈಗೆ ಡಬ್ಬಿ ಕೊಟ್ಟರು.