ಇಲಾಖೆಯ ಕಾಡಿನಲ್ಲಿ ರಾಚಪ್ಪನ ಚರಗ

ಬಸವನ ಬಾಗೇವಾಡಿಯ ರಾಚಪ್ಪನಷ್ಟು ದೊಡ್ಡ ಮನಸ್ಸಿನವನನ್ನು ನಾನು ಕಂಡಿಲ್ಲ. ಜಾಗ ಪರರದ್ದಾದರೆ ಆ ಮನಸ್ಸು ಇನ್ನಷ್ಟು ಹಿಗ್ಗುತ್ತಿತ್ತು. ಇದ್ದ ಹೊಲ ಮಾರಿ ಬಟ್ಟೆ ಅಂಗಡಿ ಇಟ್ಟವನು, ಎಳ್ಳಮಾವಾಸ್ಯೆ ಬಂತೆಂದರೆ ಚಡಪಡಿಸುತ್ತಿದ್ದ. ಅಂದು ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಅಡುಗೆಯ ಚರಗ ಚೆಲ್ಲಿ, ಆಮೇಲೆ ಉಣ್ಣುತ್ತದೆ. ಹೊಲವೇ ಇಲ್ಲದವನು ಎಲ್ಲಿ ಚೆಲ್ಲಬೇಕು? ಊರಾಚೆ ಅರಣ್ಯ ಇಲಾಖೆಯ ಕಾಡಿತ್ತಲ್ಲ! ಸರ್ಕಾರದ್ದೆಂದರೆ ತನ್ನದೇ ಎಂದು ತೀರ್ಮಾನಿಸಿ, ಹೆಂಡತಿ ಸಿದ್ದಲಿಂಗವ್ವನನ್ನೂ ಗೆಳೆಯನಾದ ನನ್ನನ್ನೂ ಆಟೋ ಹತ್ತಿಸಿದ.

ಕಾಡೆಂದರೆ ಬೇವು, ಜಾಲಿ, ಎದೆಮಟ್ಟದ ಹುಲ್ಲು. ಪ್ರಾಣಿಗಳಿಗೆ ಏನೂ ತಿನ್ನಿಸಬಾರದು ಎಂಬ ಬೋರ್ಡಿನ ಕೆಳಗೇ ಕುಳಿತು ಉಂಡೆವು, ನೆರಳು ಅಲ್ಲೇ ಚೆನ್ನಾಗಿತ್ತು. ಕಾವಲುಗಾರ ನಬಿಲಾಲ ತಕರಾರು ಮಾಡಲು ಬಂದು ಶೇಂಗಾ ಹೋಳಿಗೆ ತಿಂದು ಹೋದ. ರಾಚಪ್ಪ ಚೆಲ್ಲಿದ ಚರಗದ ವಾಸನೆಗೆ ಒಂದು ಚಿಗರಿ ಮರಿ, ಕೃಷ್ಣಮೃಗದ್ದು, ಬಂತು.

ಮುಗಿಯಿತು ಕಥೆ. ಮರುದಿನದಿಂದ ನಮ್ಮ ಮಹಾನುಭಾವನ ದಾಸೋಹ ಶುರು. ಬೆಳಿಗ್ಗೆ ವಾಕಿಂಗಿನ ನೆಪ, ಚೀಲದ ತುಂಬ ಜೋಳದ ರೊಟ್ಟಿ. ಮರಿಗೆ ಗೌಡ ಎಂದು ಹೆಸರಿಟ್ಟ. ಹೆಸರು ಹಿಡಿದು ಕರೆದರೆ ಗೌಡ ಹಿಂಡು ಬಿಟ್ಟು ಓಡಿ ಬರುತ್ತಿದ್ದ. ಮನುಷ್ಯರ ಅಂಜಿಕೆ ಹೋದರೆ ಕಾಡುಪ್ರಾಣಿಯ ಗತಿಯೇನು ಎಂದು ನಬಿಲಾಲ ಗೊಣಗಿದ. ಪ್ರೀತಿಗೂ ಕಾಯ್ದೆ ಉಂಟೇ ಎಂದು ರಾಚಪ್ಪ ಅವನ ಕೈಗೂ ಒಂದು ರೊಟ್ಟಿ ಇಟ್ಟ. ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆಗಿಂತ ಗೌಡನ ಫೋಟೋ ತೋರಿಸಿದ್ದೇ ಹೆಚ್ಚು.

ಗೌಡ ಬೆಳೆದ. ಮೈ ಕಪ್ಪಾಯಿತು, ಕೋಡುಗಳು ಸುರುಳಿ ಸುತ್ತಿ ಮೇಲೆದ್ದವು. ಚೀಲ ಹಿಡಿದವರೆಲ್ಲ ತನ್ನ ಬಳಗವೇ ಎಂದುಕೊಂಡಿದ್ದ, ಪಾಪ. ಇಂಡಿ ಊರಿನಿಂದ ತಿರುಗಾಡಲು ಬಂದ ಹೆಣ್ಣುಮಗಳೊಬ್ಬಳು ಚೀಲ ಹಿಂದಕ್ಕೆ ಎಳೆದುಕೊಂಡಾಗ ಅವಳ ತೊಡೆಗೆ ಕೋಡು ಹಾಕಿದ. ಅವಳು ಆಸ್ಪತ್ರೆ ಸೇರಿದಳು. ಗೌಡನನ್ನು ಹಿಡಿದು ದೂರದ ಮೃಗಾಲಯಕ್ಕೆ ಸಾಗಿಸುವುದೆಂದು ಮೇಲಿನವರು ತೀರ್ಮಾನಿಸಿದರು.

ರಾಚಪ್ಪ ಇಡೀ ಇಲಾಖೆಗೆ ಶಾಪ ಹಾಕಿದ, ತನ್ನೊಬ್ಬನನ್ನು ಬಿಟ್ಟು. ಆಗ ನಬಿಲಾಲ ಅಂಗಡಿಗೆ ಬಂದ.

"ಬಲಿ ಬೀಸಿ ಬೆನ್ನ ಹತ್ತಿದ್ರ ಚಿಗರಿ ಅಂಜಿ ಎದಿ ಒಡದ ಸಾಯ್ತೈತ್ರಿ. ನೀವು ಕರದ್ರ ತಾನ ಪಂಜರದಾಗ ಬರ್ತೈತಿ."

ರಾಚಪ್ಪ ಮಡಚಿದ ಸೀರೆಯನ್ನೇ ಮತ್ತೆ ಮತ್ತೆ ಮಡಚುತ್ತ ಕುಳಿತ.

ಮರುದಿನ ಕಾಡಿನಲ್ಲಿ ಇಲಾಖೆಯವರಿಟ್ಟ ಪಂಜರದ ಆಚೆ ಬದಿಗೆ ನಿಂತು, ಸರಳಿನ ಸಂದಿಯಲ್ಲಿ ರೊಟ್ಟಿ ಹಿಡಿದು ಕರೆದ.

"ಗೌಡಾ, ಬಾರಪಾ."

ಖಾಕಿ ಬಟ್ಟೆಯವರು ಕಂಡರೂ, ವ್ಯಾನು ಕಂಡರೂ ಗೌಡ ಅನುಮಾನಿಸಲಿಲ್ಲ. ನೆಟ್ಟಗೆ ಒಳಗೆ ಹೋದ. ಹಿಂದೆ ಬಾಗಿಲು ಬಿತ್ತು. ಅವನು ರೊಟ್ಟಿ ತಿನ್ನುತ್ತಲೇ ಇದ್ದ.

ವ್ಯಾನು ಹೋದ ಮೇಲೆ ಹುಲ್ಲಿನಲ್ಲಿ ತಾಯಿ ಚಿಗರಿಯೊಂದು ಮರಿಯೊಡನೆ ತಲೆಯೆತ್ತಿತು. ಮರಿ ನಮ್ಮತ್ತ ಎರಡು ಹೆಜ್ಜೆ ಇಟ್ಟಿತು. ರಾಚಪ್ಪ ಬಗ್ಗಿ ಕಲ್ಲೆತ್ತಿ, ಅದಕ್ಕೆ ತಾಗದಂತೆ ಬೀಸಿ ಒಗೆದ.

"ಓಡ್ರಿ," ಎಂದ, ಅಳುತ್ತ. "ನನ್ನ ಕಂಡ್ರ ಓಡ್ರಿ."