ಕೌದಿ ಹೊದ್ದ ಫ್ರಿಜ್

ಹಳೆಯ ಶಾಲಾ ವ್ಯಾನೊಂದನ್ನು ಕೊಂಡು ತಂದು, ಅದರೊಳಗೆ ಮಂಚ, ಒಲೆ ಎಲ್ಲ ಕೂಡಿಸಿ, ಇದು ನಮ್ಮ ಓಡಾಡುವ ಮನೆ ಎಂದು ನನ್ನ ಗಂಡ ಸಾರಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಥಣಿ ರಸ್ತೆಯ ನಮ್ಮ ಮನೆಯ ಅಡುಗೆಕೋಣೆಯಿಂದ ಫ್ರಿಜ್ಜನ್ನೇ ಎತ್ತಿ ಅದಕ್ಕೆ ಏರಿಸಲು ಹೊರಟಾಗ ಮಾತ್ರ ನಗು ನಿಂತಿತು.

"ತಲಿ ಕೆಟ್ಟೈತೇನ್ರಿ ನಿಮಗ? ವ್ಯಾನಿನ್ಯಾಗ ಕರೆಂಟ್ ಎಲ್ಲಿಂದ ಬರತೈತಿ?"

ಅವರು ಸೀಟಿನ ಕೆಳಗೆ ಜೋಡಿಸಿದ್ದ ದಪ್ಪ ಬ್ಯಾಟರಿಗಳನ್ನು ತೋರಿಸಿದರು. ಪಕ್ಕದಲ್ಲಿ ಇನ್ವರ್ಟರ್ ಡಬ್ಬಿ, ಚಾವಣಿಯ ಮೇಲೆ ಸೋಲಾರ್. ಸ್ವಿಚ್ ಒತ್ತಿದರೆ ಡಬ್ಬಿ ಕುಂಯ್ ಎಂದು ಕಿರುಚಿ ಬಾಯಿ ಮುಚ್ಚಿತು. ಫ್ರಿಜ್ ಶುರುವಾಗುವ ಆ ಒಂದು ಕ್ಷಣ ಬಹಳ ಕರೆಂಟ್ ಎಳೆಯುತ್ತದಂತೆ. ಡಬ್ಬಿಗೆ ಅಷ್ಟು ದಮ್ಮಿರಲಿಲ್ಲ. ಅವರೂ ಹಟ ಬಿಡುವ ಆಸಾಮಿಯಲ್ಲ, ಇನ್ನೂ ದೊಡ್ಡದನ್ನು ತಂದು ಹಾಕಿದರು. ಈ ಸಲ ನಮ್ಮ ಫ್ರಿಜ್ ತನ್ನ ಅದೇ ಹಳೇ ಗುರ್ ದನಿ ತೆಗೆಯಿತು. ನಮ್ಮ ವಿಜಯಪುರದ ಬಿಸಿಲು ಹೇಗೆಂದು ಗೊತ್ತಲ್ಲ? ಆ ಬಿಸಿಲೇ ಚಾವಣಿಯಿಂದ ಇಳಿದು ಬಂದು ಒಳಗೆ ಐಸ್ ಆಗುತ್ತದೆ ಎಂಬುದು ಇವತ್ತಿಗೂ ನನ್ನ ತಲೆಗೆ ಪೂರ್ತಿ ಹೋಗಿಲ್ಲ. ಬಾಗಿಲು ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದ್ದೇ ನೋಡಿದ್ದು. ಸೋತೆ ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ನನ್ನ ಅಣ್ಣ ಕುರಿ ಕಾಯುವವನು. ತಿಕೋಟಾ, ಬಬಲೇಶ್ವರದ ಕಡೆಯ ರೈತರು ಗೊಬ್ಬರಕ್ಕಾಗಿ ಅವನ ಹಿಂಡನ್ನು ತಮ್ಮ ಹೊಲಗಳಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಅವ್ವನೂ ಅವನೊಂದಿಗೆ ಹೊಲದಿಂದ ಹೊಲಕ್ಕೆ ತಿರುಗುತ್ತಾಳೆ. ಹೋದ ಬೇಸಿಗೆಯಲ್ಲಿ ಅವರು ಬಬಲೇಶ್ವರದ ಹತ್ತಿರ ಇದ್ದಾಗ ಪಕ್ಕದ ಹಿಂಡಿಗೆ ಸಿಡುಬು ಬಡಿಯಿತು. ಲಸಿಕೆ ಬೀಳದಿದ್ದರೆ ಅಣ್ಣನ ಹಿಂಡಿಗೂ ಉಳಿಗಾಲವಿರಲಿಲ್ಲ. ಮರಿಗಳಂತೂ ಮೊದಲು ಹೋಗುತ್ತಿದ್ದವು.

"ತಂಗೀ, ಹೆಂಗರ ಮಾಡಿ ಲಸಿಕಿ ತಗೊಂಡ್ ಬರ್ರಿ," ಎಂದ ಫೋನಿನಲ್ಲಿ.

ಸ್ಟೇಷನ್ ರಸ್ತೆಯ ಔಷಧಿ ಅಂಗಡಿಯಲ್ಲಿ ಉಳಿದಿದ್ದ ಬಾಟಲಿಗಳನ್ನೆಲ್ಲ ತಂದೆವು. ತಂಪು ತಪ್ಪಿದರೆ ಔಷಧಿಯ ಕಸುವೇ ಹೋಗುತ್ತದೆ ಎಂದು ಅಂಗಡಿಯವರು ಒತ್ತಿ ಒತ್ತಿ ಹೇಳಿದ್ದರು. ಪಶುವೈದ್ಯರು ಬರುವುದು ಮರುದಿನ. ಐಸ್ ಡಬ್ಬಿ ಅಲ್ಲಿಯವರೆಗೆ ಬಾಳುವಂತಿರಲಿಲ್ಲ. ಬಾಟಲಿಗಳನ್ನು ವ್ಯಾನಿನ ಫ್ರಿಜ್ಜಿನಲ್ಲಿಟ್ಟು, ಅವತ್ತೇ ಸಂಜೆ ಆ ಹೊಲ ಮುಟ್ಟಿದೆವು. ಸುತ್ತ ಒಂದು ಕಂಬವಿಲ್ಲ, ತಂತಿಯಿಲ್ಲ. ನಡುವೆ ನಮ್ಮ ಫ್ರಿಜ್ ಮಾತ್ರ ತನ್ನ ಪಾಡಿಗೆ ಗುರ್ ಎನ್ನುತ್ತಿತ್ತು.

ಬೆಳಿಗ್ಗೆ ಕುರಿಗಳು ಎದ್ದು ಓಡಾಡತೊಡಗಿದಾಗ ಹೊಲವೆಲ್ಲ ಧೂಳು. ನಾವು ಹೊರಗೆ ಚಹಾ ಕುಡಿಯುತ್ತ ಕುಳಿತಿದ್ದೆವು. ಎಷ್ಟೋ ಹೊತ್ತಿನ ಮೇಲೆ ಲೋಟ ಇಡಲು ಒಳಗೆ ಹೋದೆ. ಫ್ರಿಜ್ ಸದ್ದಿಲ್ಲದೆ ನಿಂತಿತ್ತು. ಜೋರಾಗಿ ಕೂಗಿದೆ. ಕೂಗು ಕೇಳಿ ಓಡಿಬಂದ ನನ್ನ ಗಂಡ ಬಗ್ಗಿ ನೋಡಿದರೆ, ಇನ್ವರ್ಟರ್ ಡಬ್ಬಿಯ ಮೇಲೆ ಅವ್ವನ ಕೌದಿ, ನಾಲ್ಕೂ ಕಡೆ ನೀಟಾಗಿ ಸಿಕ್ಕಿಸಿತ್ತು!

ನಮ್ಮಲ್ಲಿ ಟಿವಿ ಬರಲಿ, ಮಿಕ್ಸರ್ ಬರಲಿ, ಮೊದಲು ಅದಕ್ಕೊಂದು ಹೊದಿಕೆ ಹೊಲಿಯುತ್ತೇವೆ. ಅವ್ವ ಮಾಡಿದ್ದೂ ಅದನ್ನೇ.

"ಧೂಳ ಬೀಳಾಕತ್ತಿತ್ತು, ಅದಕ್ಕ ಮುಚ್ಚೀನಿ. ಪಾಪ, ರಾತ್ರಿಯೆಲ್ಲಾ ದುಡದೈತಿ ಅದು," ಎಂದಳು.

"ಅತ್ತಿ, ಅದಕ್ಕ ಗಾಳಿ ಬೇಕ್ರಿ. ಕುದ್ದು ಬಂದ್ ಆಗೈತಿ," ಎಂದು ಇವರು ಕೌದಿ ಎಳೆದರು. ಡಬ್ಬಿ ಕೈಯಿಡಲಾರದಷ್ಟು ಸುಡುತ್ತಿತ್ತು. ಅದು ಆರುವ ತನಕ ಏನೂ ಮಾಡುವಂತಿರಲಿಲ್ಲ. ಬಾಗಿಲಿನಲ್ಲಿ ನಿಂತಿದ್ದ ಅಣ್ಣನ ಮುಖ ನೋಡಲು ನನ್ನಿಂದಾಗಲಿಲ್ಲ.

ಅವ್ವ ಅದೇ ಕೌದಿಯನ್ನು ಎತ್ತಿ ಫ್ರಿಜ್ಜಿಗೆ ಸುತ್ತತೊಡಗಿದಳು. "ಒಳಗಿನ ತಂಪು ಒಳಗ ಇರಲಿ. ಯಾರೂ ಬಾಗಲಾ ತಗೀಬ್ಯಾಡ್ರಿ." ಗುಡಾರದಿಂದ ಇನ್ನೊಂದು ಕೌದಿ ತರಿಸಿ ಅದನ್ನೂ ಸುತ್ತಿದಳು. ನಾನು ಮೊರದಿಂದ ಡಬ್ಬಿಗೆ ಗಾಳಿ ಬೀಸಿದೆ, ಕೈ ಬಿದ್ದುಹೋಗುವ ತನಕ ಬೀಸಿದೆ. ಕೊನೆಗೆ ಇವರು ಸ್ವಿಚ್ ಒತ್ತಿದರು. ಫ್ರಿಜ್ ಒಮ್ಮೆ ನಡುಗಿತು, ಆಮೇಲೆ ಗುರ್ ಎಂದಿತು. ಅವ್ವ ಕೌದಿಗಳನ್ನು ಸರಸರನೆ ಬಿಚ್ಚಿದಳು. "ಇದಕ್ಕೂ ಗಾಳಿ ಬೇಕಲ್ಲರಿ ಅಳ್ಯಾರ?" ಎಂದು ಕೇಳಿದಳು. ಇವರು ನಕ್ಕುಬಿಟ್ಟರು.

ವೈದ್ಯರು ಬಂದು ಮೊದಲು ಬಾಟಲಿಗಳ ಪಕ್ಕದಲ್ಲಿ ನಾವಿಟ್ಟಿದ್ದ ಥರ್ಮಾಮೀಟರ್ ನೋಡಿದರು. ಬಿಸಿ ಎಲ್ಲಿಯವರೆಗೆ ಏರಿತ್ತೆಂದೂ ಅದು ತೋರಿಸುತ್ತದೆ. ನಾವು ನಡೆದದ್ದನ್ನೆಲ್ಲ ಹೇಳಿದೆವು. ಅವರು ಇನ್ನೊಮ್ಮೆ ನೋಡಿ, "ತಂಪು ತಪ್ಪಿಲ್ಲರಿ, ನಡೀತೈತಿ," ಎಂದರು. ನನಗೆ ಅಳು ಬಂತು.

ಕೊನೆಯ ಮರಿಗೂ ಸೂಜಿ ಬಿದ್ದ ಮೇಲೆ ಅಣ್ಣ ಕೈತೊಳೆದುಕೊಂಡು ವ್ಯಾನಿನೊಳಗೆ ಬಂದ. ಗಬ್ಬದ ಕುರಿಯ ಹೊಟ್ಟೆ ಮುಟ್ಟಿ ನೋಡುವಂತೆ ಫ್ರಿಜ್ಜಿನ ಮಗ್ಗುಲಿಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತ.

"ಜೀವ ಮಿಸುಕಾಡಾಕತ್ತೈತಿ, ತಂಗೀ," ಎಂದ.

ನಾನೂ ಅವನ ಕೈಯ ಪಕ್ಕದಲ್ಲಿ ಕೈಯಿಟ್ಟೆ.